ಫೈಲು ಯಾರದ್ದು ಸ್ವಾಮಿ?

ನಮ್ಮ ಮನೆ ಬೀರುವಿನ ಮೇಲೆ ಒಂದು ಪ್ಲಾಸ್ಟಿಕ್ ಕವರ್ ಇದೆ. ಯಾವುದೋ ಬಟ್ಟೆ ಅಂಗಡಿಯವರು ಕೊಟ್ಟ ಹಳೇ ಕವರ್. ಅದರೊಳಗೆ ಸೀರೆ ಇಲ್ಲ, ನಮ್ಮಪ್ಪನ ಹದಿನೈದು ವರ್ಷದ ಆರೋಗ್ಯ ಇದೆ. ಇಸಿಜಿ, ಎಕ್ಸ್‌ರೇ, ಶುಗರ್ ರಿಪೋರ್ಟು, ಅಕ್ಷರ ಮಾಸಿಹೋದ ಡಿಸ್ಚಾರ್ಜ್ ಸಮ್ಮರಿ. ನಿಮ್ಮ ಮನೆಯಲ್ಲೂ ಇಂಥದ್ದೊಂದು ಕವರ್ ಇದ್ದೇ ಇರುತ್ತೆ. ಬಣ್ಣ ಬೇರೆ ಇರಬಹುದು, ಅಷ್ಟೇ.

ಕಳೆದ ವರ್ಷ ಒಂದು ರಾತ್ರಿ ಅಪ್ಪನಿಗೆ ಎದೆ ಹಿಡಿದುಕೊಂಡಿತು. ಬಸವೇಶ್ವರನಗರದ ನಮ್ಮ ಮನೆಗೆ ಹತ್ತಿರ ಯಾವುದಿದೆಯೋ ಆ ಆಸ್ಪತ್ರೆಗೆ ಓಡಿದೆವು. ಅಲ್ಲಿನ ಡಾಕ್ಟರು ಮೊದಲು ಕೇಳಿದ್ದೇ ಹಳೇ ಆಂಜಿಯೋಗ್ರಾಂ. ಕವರ್ ಸುರಿದು ಹುಡುಕಿದರೆ ಅದೊಂದೇ ಇಲ್ಲ. ಸ್ಟೆಂಟ್ ಹಾಕಿದ್ದ ಇನ್ನೊಂದು ಆಸ್ಪತ್ರೆಗೆ ಬೆಳಿಗ್ಗೆ ಹೋದೆ. ರೆಕಾರ್ಡ್ ವಿಭಾಗದಲ್ಲಿ ಕೂತಿದ್ದವರು ತಲೆ ಎತ್ತದೆ ಹೇಳಿದರು: "ಅರ್ಜಿ ಬರೆದುಕೊಡಿ, ಸೋಮವಾರ ಬನ್ನಿ." ಅವತ್ತು ಗುರುವಾರ.

ಅದೇ ಹೊತ್ತಿಗೆ ಇತ್ತ ಹೊಸ ಆಸ್ಪತ್ರೆಯ ಕೌಂಟರಿನಲ್ಲಿ ಏನಾಯಿತು ಗೊತ್ತಾ? "ಅಮ್ಮಾ, ನಿಮ್ಮ ಫೋನಿಗೆ ಒಂದು ಓಟಿಪಿ ಬಂದಿದೆ ನೋಡಿ, ಹೇಳಿ" ಅಂದರು. ಅಪ್ಪನ ಆಧಾರ್‌ಗೆ ಜೋಡಿಸಿರೋದು ಅಮ್ಮನ ನಂಬರು. ಅಮ್ಮ ಆರು ಅಂಕಿ ಓದಿ ಹೇಳಿದರು. "ಯಾಕಮ್ಮ ಹೇಳ್ದೆ? ಅದು ಏತಕ್ಕೆ ಅಂತ ಕೇಳಿದ್ಯಾ?" ಅಂದೆ. "ಕೇಳಿದ್ರು, ಹೇಳ್ದೆ ಕಣೋ. ನಿಮ್ಮಪ್ಪನ ಜೀವ ಮುಖ್ಯಾನೋ, ಓಟಿಪಿ ಮುಖ್ಯಾನೋ?"

ಅಮ್ಮ ಹೇಳಿದ್ದು ತಪ್ಪಲ್ಲ. ಆದರೆ ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿ. ನಮ್ಮದೇ ಕಾಗದ ನಮ್ಮ ಕೈಗೆ ಬರೋಕೆ ನಾಲ್ಕು ದಿನ. ನಮ್ಮ ಕೀಲಿ ಅವರ ಕೈಗೆ ಹೋಗೋಕೆ ನಾಲ್ಕು ಸೆಕೆಂಡು. ಇದು ಒಂದು ಆಸ್ಪತ್ರೆಯ ಕಥೆಯಲ್ಲ, ಇವತ್ತಿನ ಕಥೆಯೂ ಅಲ್ಲ. ಇದಕ್ಕೆ ನೂರಿಪ್ಪತ್ತೈದು ವರ್ಷಕ್ಕೂ ಮೀರಿದ ಇತಿಹಾಸ ಇದೆ. ಬನ್ನಿ, ಸ್ವಲ್ಪ ಹಿಂದಕ್ಕೆ ಹೋಗೋಣ.

1898ರ ಆಗಸ್ಟ್. ರೈಲು ಹತ್ತಿ ಪ್ಲೇಗ್ ಬೆಂಗಳೂರಿಗೆ ಬಂತು. ಜನ ಮನೆ ಬಿಟ್ಟು ಓಡಿದರು. ಮಲ್ಲೇಶ್ವರ, ಬಸವನಗುಡಿಯಂಥ ಹೊಸ ಬಡಾವಣೆಗಳು ಬೆಳೆದದ್ದು ಆ ಭಯದಲ್ಲೇ. ಪ್ಲೇಗಮ್ಮ, ಪ್ಲೇಗ್ ಮಾರಮ್ಮ ಅಂತ ಗುಡಿಗಳು ಎದ್ದದ್ದೂ ಆಗಲೇ. ಈ ಭಾಗ ನಾವು ಶಾಲೆಯಲ್ಲಿ ಓದಿದ್ದೇವೆ. ಓದದೇ ಇರೋ ಭಾಗ ಬೇರೆ ಇದೆ. ಅದಕ್ಕೂ ಒಂದು ವರ್ಷ ಮೊದಲು, 1897ರಲ್ಲಿ, ಬ್ರಿಟಿಷರು ಸಾಂಕ್ರಾಮಿಕ ರೋಗಗಳ ಕಾಯ್ದೆ ತಂದಿದ್ದರು. ನಾಲ್ಕೇ ನಾಲ್ಕು ಸೆಕ್ಷನ್ನಿನ ಪುಟ್ಟ ಕಾಯ್ದೆ. ಆದೇಶ ಮೀರಿದವನಿಗೆ ಶಿಕ್ಷೆ, ಆದೇಶ ಜಾರಿ ಮಾಡಿದ ಅಧಿಕಾರಿಗೆ ರಕ್ಷಣೆ. ರೋಗಿಗೆ? ರೋಗಿಯ ಹಕ್ಕಿನ ಬಗ್ಗೆ ಅದರಲ್ಲಿ ಒಂದು ಸಾಲೂ ಇಲ್ಲ. ಮನೆಗೆ ನುಗ್ಗಿ ತಪಾಸಣೆ ಮಾಡೋದು, ರೈಲಿನಿಂದ ಇಳಿಸಿ ಕಂಕುಳು ಮುಟ್ಟಿ ನೋಡೋದು, ರೋಗಿಯ ಜೊತೆ ಅವನ ಮನೆಯವರನ್ನೂ ಶಿಬಿರಕ್ಕೆ ಹಾಕೋದು ದೇಶದ ಉದ್ದಕ್ಕೂ ನಡೆಯಿತು. ಪಕ್ಕದ ಮದ್ರಾಸ್ ಪ್ರಾಂತ್ಯದಲ್ಲಿ 'ಪ್ಲೇಗ್ ಪಾಸ್‌ಪೋರ್ಟ್' ಅಂತಲೇ ಇತ್ತು. ಸೋಂಕಿನ ಊರಿನಿಂದ ಬಂದವನು ಆ ಚೀಟಿ ಹಿಡಿದು, ದಿನಾ ಅಧಿಕಾರಿಯ ಮುಂದೆ ಹಾಜರಿ ಹಾಕಬೇಕು.

ಆ ಕಾಲದಲ್ಲಿ ಅದು ಬೇಕಿತ್ತೋ ಇಲ್ಲವೋ ಅನ್ನೋದು ಬೇರೆ ಚರ್ಚೆ. ಸಾವಿರಾರು ಜನ ಸಾಯುತ್ತಿದ್ದಾಗ ಸರ್ಕಾರ ಕೈಕಟ್ಟಿ ಕೂರೋಕಾಗಲ್ಲ. ಆದರೆ ಅಲ್ಲೊಂದು ಅಭ್ಯಾಸ ಶುರುವಾಯಿತು. ನಿನ್ನ ದೇಹದ ಲೆಕ್ಕ ಬರೆಯೋದು ನಾವು, ಇಟ್ಟುಕೊಳ್ಳೋದು ನಾವು, ಯಾರಿಗೆ ತೋರಿಸಬೇಕು ಅಂತ ತೀರ್ಮಾನ ಮಾಡೋದೂ ನಾವು. ನೀನು ಸಹಿ ಹಾಕು, ಸಾಕು.

ಆ ಅಭ್ಯಾಸ ಎಷ್ಟು ದೂರ ಹೋಗಬಹುದು ಅನ್ನೋದಕ್ಕೆ ನಮ್ಮ ಪಶ್ಚಿಮ ಬೆಂಗಳೂರಿನಲ್ಲೇ ಒಂದು ಗುರುತು ಇದೆ. ಮಾಗಡಿ ರಸ್ತೆಯ ಸರ್ಕಾರಿ ಕುಷ್ಠರೋಗ ಆಸ್ಪತ್ರೆ. ಚಿಕ್ಕವನಿದ್ದಾಗ ಬಸ್ಸು ಆ ಕಡೆ ಹೋದರೆ ಅಜ್ಜಿ ಸೆರಗು ಮೂಗಿಗೆ ಅಡ್ಡ ಹಿಡಿಯುತ್ತಿದ್ದರು. ಪಾಪ, ಅಜ್ಜಿಗೆ ಗೊತ್ತಿದ್ದದ್ದು ಅಷ್ಟೇ. ಆದರೆ ಕಾನೂನಿಗೂ ಅಷ್ಟೇ ಗೊತ್ತಿತ್ತಲ್ಲ! ಬ್ರಿಟಿಷ್ ಭಾರತದ 1898ರ ಕಾಯ್ದೆಯಲ್ಲಿ ಕುಷ್ಠರೋಗ ಇರುವ ನಿರ್ಗತಿಕನನ್ನು ಪೊಲೀಸರು ವಾರಂಟ್ ಇಲ್ಲದೆ ಹಿಡಿಯಬಹುದಿತ್ತು. ಔಷಧ ಬಂತು, ಕುಷ್ಠ ಪೂರ್ತಿ ಗುಣವಾಗುವ ಕಾಯಿಲೆಯಾಯಿತು. ಆದರೂ ಗಂಡನಿಗೋ ಹೆಂಡತಿಗೋ ಕುಷ್ಠ ಇದೆ ಅನ್ನೋ ಒಂದೇ ಕಾರಣಕ್ಕೆ ವಿಚ್ಛೇದನ ಕೇಳಬಹುದು ಅನ್ನೋದು ನಮ್ಮ ವೈಯಕ್ತಿಕ ಕಾನೂನುಗಳಲ್ಲಿ 2019ರವರೆಗೂ ಇತ್ತು. ಈಗ ಹೇಳಿ, ಒಬ್ಬ ಮನುಷ್ಯನ ಹೆಸರಿನ ಮುಂದೆ ಒಂದು ಕಾಯಿಲೆಯ ಹೆಸರು ಬರೆದಿಟ್ಟರೆ ಅದು ಬರೀ ವೈದ್ಯಕೀಯ ಮಾಹಿತಿಯಾ? ಅದು ಅವನ ಮನೆ, ಮದುವೆ, ಮಾನ ಎಲ್ಲವೂ ಹೌದು.

ಇನ್ನು ರಾಜಾಜಿನಗರಕ್ಕೆ ಬನ್ನಿ. ಸ್ವಾತಂತ್ರ್ಯ ಬಂದ ಎರಡೇ ವರ್ಷಕ್ಕೆ, 1949ರಲ್ಲಿ, ಕಾರ್ಖಾನೆಗಳಿಗೂ ಕಾರ್ಮಿಕರಿಗೂ ಅಂತ ಶುರುವಾದ ಬಡಾವಣೆ ಇದು. ಅದಕ್ಕೂ ಹಿಂದಿನ ವರ್ಷ ನೌಕರರ ರಾಜ್ಯ ವಿಮಾ ಕಾಯ್ದೆ ಬಂದಿತ್ತು. ಇಎಸ್‌ಐ ಅಂದರೆ ಎಲ್ಲರಿಗೂ ಗೊತ್ತು. ರಾಜಾಜಿನಗರದ ಇಎಸ್‌ಐ ಆಸ್ಪತ್ರೆ ಇವತ್ತು ಮೆಡಿಕಲ್ ಕಾಲೇಜೂ ಆಗಿದೆ. ನಮ್ಮಪ್ಪ ಇಂಡಸ್ಟ್ರಿಯಲ್ ಏರಿಯಾದ ಒಂದು ಸಣ್ಣ ಕಾರ್ಖಾನೆಯಲ್ಲಿ ಲೇಥ್ ಮಷಿನ್ ಮೇಲೆ ದುಡಿದವರು. ಅವರು ಹೇಳೋ ಹಾಗೆ, ಡಿಸ್ಪೆನ್ಸರಿಯಲ್ಲಿ ಪ್ರತಿ ಕಾರ್ಮಿಕನಿಗೂ ಒಂದು ಲಕೋಟೆ ಇರುತ್ತಿತ್ತು. ಅವನ ಕಾಯಿಲೆಯ ಚೀಟಿಗಳೆಲ್ಲ ಅದರೊಳಗೆ. ಲಕೋಟೆ ಇರೋದು ಡಿಸ್ಪೆನ್ಸರಿಯ ರ‍್ಯಾಕಿನಲ್ಲಿ. ಇವರು ಹೋಗಿ ನಂಬರ್ ಹೇಳಬೇಕು, ಅವರು ತೆಗೆಯಬೇಕು.

ಆ ವ್ಯವಸ್ಥೆಯನ್ನು ನಾನು ಹಗುರವಾಗಿ ಮಾತಾಡಲ್ಲ. ನನ್ನ ಅಕ್ಕನ ಹೆರಿಗೆಯ ಹೊತ್ತಿನಲ್ಲಿ ನಮ್ಮ ಮನೆಗೆ ಆಧಾರವಾಗಿದ್ದದ್ದು ಅದೇ. ಆ ಕಾಯ್ದೆಯಲ್ಲಿ ಒಂದು ಒಳ್ಳೆಯ ಸೆಕ್ಷನ್ ಇತ್ತು, 73ನೆಯದು. ಕಾಯಿಲೆಯ ಭತ್ಯೆ ಪಡೆಯುತ್ತಿದ್ದ ಕಾರ್ಮಿಕನನ್ನು ಆ ಅವಧಿಯಲ್ಲಿ ಮಾಲೀಕ ಕೆಲಸದಿಂದ ತೆಗೆಯುವಂತಿರಲಿಲ್ಲ. ಅಂದರೆ ಕಾಯಿಲೆ ಬಿದ್ದಿದ್ದಾನೆ ಅನ್ನೋ ಸುದ್ದಿ ಕೆಲಸಕ್ಕೇ ಕುತ್ತು ತರಬಹುದು ಅನ್ನೋದು ಅವತ್ತಿನ ಶಾಸನಸಭೆಗೂ ಗೊತ್ತಿತ್ತು. 2009ರಿಂದ ಇಎಸ್‌ಐ 'ಪಂಚದೀಪ' ಅನ್ನೋ ಯೋಜನೆಯಲ್ಲಿ ಗಣಕೀಕರಣವಾಯಿತು. 'ಪೆಹಚಾನ್' ಕಾರ್ಡ್ ಬಂತು. ಲಕೋಟೆ ಹೋಗಿ ಸರ್ವರ್ ಬಂತು. ನಂಬರ್ ಹೇಳೋದು ಮಾತ್ರ ನಮ್ಮಪ್ಪನೇ, ತೆಗೆಯೋದು ಅವರೇ.

ಲಕೋಟೆಯೊಳಗಿನ ಗುಟ್ಟು ಹೊರಗೆ ಬಿದ್ದರೆ ಏನಾಗುತ್ತೆ? 1998ರಲ್ಲಿ ಸುಪ್ರೀಂ ಕೋರ್ಟಿಗೆ ಒಂದು ಪ್ರಕರಣ ಬಂತು. ದಾವೆ ಹೂಡಿದವರ ಹೆಸರೇ ಇಲ್ಲ, 'ಮಿಸ್ಟರ್ ಎಕ್ಸ್'. ರೋಗಿಯೊಬ್ಬರಿಗಾಗಿ ರಕ್ತ ಕೊಡಲು ಹೋದ ವೈದ್ಯರು ಅವರು. ಪರೀಕ್ಷೆಯಲ್ಲಿ ಎಚ್‌ಐವಿ ಇರೋದು ತಿಳಿಯಿತು. ವಿಷಯ ಆಸ್ಪತ್ರೆಯಿಂದ ಆಚೆ ಬಂತು. ನಿಶ್ಚಯವಾಗಿದ್ದ ಮದುವೆ ಮುರಿಯಿತು, ಅವರು ಊರನ್ನೇ ಬಿಟ್ಟರು. ಮದುವೆಯಾಗಬೇಕಿದ್ದ ಹೆಣ್ಣಿನ ಜೀವದ ಹಕ್ಕು ದೊಡ್ಡದು, ಆಸ್ಪತ್ರೆಯದ್ದು ತಪ್ಪಲ್ಲ ಅಂತ ಕೋರ್ಟ್ ಹೇಳಿತು. ಆ ಹೆಣ್ಣುಮಗಳ ಜಾಗದಲ್ಲಿ ನಿಂತು ನೋಡಿದರೆ ತೀರ್ಪು ಸರಿ ಅನಿಸುತ್ತೆ. ಆದರೆ ತಿಳಿಯಬೇಕಾದದ್ದು ಒಬ್ಬಳಿಗೆ, ತಿಳಿದದ್ದು ಊರಿಗೆ. ಆ ಎರಡರ ನಡುವೆ ಗೆರೆ ಎಳೆಯೋಕೆ ನಮಗೆ ಇನ್ನೂ ಹತ್ತೊಂಬತ್ತು ವರ್ಷ ಬೇಕಾಯಿತು. 2017ರ ಎಚ್‌ಐವಿ ಕಾಯ್ದೆಯಲ್ಲಿ, ಒಪ್ಪಿಗೆ ಇಲ್ಲದೆ ಯಾರ ಎಚ್‌ಐವಿ ಸ್ಥಿತಿಯನ್ನೂ ಬಹಿರಂಗ ಮಾಡುವಂತಿಲ್ಲ ಅಂತ ಬಂತು. ವಿನಾಯಿತಿ ಯಾವಾಗ, ಯಾರಿಗೆ ಅನ್ನೋದನ್ನೂ ಬರೆದಿಟ್ಟರು. ಮಾಹಿತಿಯನ್ನು ಕಾಪಾಡೋದು ಅದನ್ನು ಇಟ್ಟುಕೊಂಡವರ ಹೊಣೆ ಅಂತಲೂ ಹೇಳಿತು.

ಅದೇ 2017ರಲ್ಲಿ ಇನ್ನೊಂದು ದೊಡ್ಡ ಘಟನೆ ನಡೆಯಿತು. ಅದರ ನಾಯಕ ನಮ್ಮ ಬೆಂಗಳೂರಿನವರು. ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. 2012ರಲ್ಲಿ ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದಾಗ ಅವರ ವಯಸ್ಸು 86. ನಾವು ಆ ವಯಸ್ಸಿನವರಿಗೆ ಏನು ಹೇಳುತ್ತೇವೆ? "ಸುಮ್ನೆ ರಾಮಾ ಕೃಷ್ಣಾ ಅಂತ ಕೂತ್ಕೊಳ್ಳಿ." ಅವರು ಕೂರಲಿಲ್ಲ. ಸಂವಿಧಾನದಲ್ಲಿ ಖಾಸಗಿತನ ಅನ್ನೋ ಮೂಲಭೂತ ಹಕ್ಕೇ ಇಲ್ಲ ಅಂತ ಕೇಂದ್ರ ಸರ್ಕಾರ ವಾದ ಮಾಡಿತು. 1954ರ, 1962ರ ಹಳೇ ತೀರ್ಪುಗಳನ್ನು ಮುಂದಿಟ್ಟಿತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ, ಒಂದು ಅಪಸ್ವರವೂ ಇಲ್ಲದೆ, ಹಕ್ಕು ಇದೆ ಅಂತ ಹೇಳಿತು. ತೀರ್ಪಿನಲ್ಲಿ ಆಸ್ಪತ್ರೆ ದಾಖಲೆಗಳ ಮಾತೂ ಬರುತ್ತೆ. ಡೆಂಗ್ಯೂ, ಮಲೇರಿಯಾ ತಡೆಯೋಕೆ ಸರ್ಕಾರ ರೋಗಿಗಳ ಲೆಕ್ಕ ನೋಡಲಿ, ಆದರೆ ರೋಗಿ ಯಾರು ಅನ್ನೋದು ಬಯಲಾಗಬಾರದು ಅನ್ನೋದು ಅದರ ಸಾರ. 1897ರ ಕಾಯ್ದೆಯಲ್ಲಿ ಇರದಿದ್ದ ಆ ಸಾಲನ್ನು 120 ವರ್ಷದ ಮೇಲೆ ನಮ್ಮೂರ ಅಜ್ಜ ಒಬ್ಬರು ಬರೆಸಿದರು. ಅವರು 2024ರ ಅಕ್ಟೋಬರ್‌ನಲ್ಲಿ 98ನೇ ವಯಸ್ಸಿನಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು.

ತೀರ್ಪು ಬಂತು, ಎಲ್ಲ ಸರಿಹೋಯಿತು ಅಂತೀರಾ? ಇಲ್ಲ. ಮೂರೇ ವರ್ಷಕ್ಕೆ ಕೊರೊನಾ ಬಂತು. ಇಲ್ಲಿ ನಾನು ನನ್ನ ತಪ್ಪನ್ನೂ ಒಪ್ಪಿಕೊಳ್ಳಬೇಕು.

2020ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಅದೇ 1897ರ ಕಾಯ್ದೆಯನ್ನು ಪೆಟ್ಟಿಗೆಯಿಂದ ಆಚೆ ತೆಗೆಯಿತು. ವಿದೇಶದಿಂದ ಬಂದವರ ಕೈಗೆ ಸೀಲು ಹಾಕಿದರು. ಮನೆ ಬಾಗಿಲಿಗೆ ನೋಟಿಸ್ ಅಂಟಿಸಿದರು. ಹೋಂ ಕ್ವಾರಂಟೈನ್‌ನಲ್ಲಿ ಇದ್ದ ಸಾವಿರಾರು ಜನರ ಮನೆ ವಿಳಾಸದ ಪಟ್ಟಿಯನ್ನು ಸರ್ಕಾರವೇ ಪ್ರಕಟಿಸಿತು. ಗಂಟೆಗೊಂದು ಸೆಲ್ಫಿ ಕಳಿಸಬೇಕು ಅಂತ ಆ್ಯಪ್ ಬಂತು. ಏಪ್ರಿಲ್‌ನಲ್ಲಿ ಪಾದರಾಯನಪುರ, ಬಾಪೂಜಿನಗರ ಸೀಲ್‌ಡೌನ್ ಆದವು. ಪ್ರತಿದಿನ ಬುಲೆಟಿನ್‌ನಲ್ಲಿ ಪೇಷೆಂಟ್ ನಂಬರ್, ವಯಸ್ಸು, ಗಂಡೋ ಹೆಣ್ಣೋ, ಯಾವ ಏರಿಯಾ. ಅದನ್ನು ನಾನು ಸ್ಟುಡಿಯೋದಲ್ಲಿ ನಿಂತು, ಕೆಂಪು ಬ್ಯಾಕ್‌ಗ್ರೌಂಡ್‌ನಲ್ಲಿ, ಏರಿದ ದನಿಯಲ್ಲಿ ಓದಿದೆ. ನಮ್ಮ ಕ್ಯಾಮೆರಾ ಆ ಬೀದಿಗಳಿಗೆ ಹೋಯಿತು. ಹೆಸರು ಹೇಳಿಲ್ಲವಲ್ಲ ಅಂತ ಸಮಾಧಾನ ಮಾಡಿಕೊಂಡೆ. ಆದರೆ ಸಣ್ಣ ಬೀದಿಯಲ್ಲಿ ವಯಸ್ಸು ಮತ್ತು ಏರಿಯಾ ಹೇಳಿದ ಮೇಲೆ ಹೆಸರು ಹೇಳಬೇಕಾ? ಪಕ್ಕದ ಮನೆಯವರಿಗೆ ಗೊತ್ತಾಗಲ್ವಾ? ಹಾಲಿನವನು ಆ ಮನೆ ಬಿಟ್ಟು ಹೋದ, ಮನೆ ಮಾಲೀಕ ಖಾಲಿ ಮಾಡಿ ಅಂದ ಅಂತ ಫೋನುಗಳು ಬಂದವು. ಅದನ್ನೂ ಸುದ್ದಿ ಮಾಡಿದೆವು. ಆ ಸುದ್ದಿಗೆ ನಾವೂ ಕಾರಣ ಅಂತ ಮಾತ್ರ ಹೇಳಲಿಲ್ಲ.

ಅದೇ ವರ್ಷ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರದ ಆರೋಗ್ಯ ಸೇತು ಆ್ಯಪ್ ಬಂತು. ಅದನ್ನು ಕಡ್ಡಾಯ ಮಾಡಬಹುದಾ ಅಂತ ಬೆಂಗಳೂರಿನ ಸಾಫ್ಟ್‌ವೇರ್ ತಜ್ಞ ಅನಿವರ್ ಅರವಿಂದ್ ಕರ್ನಾಟಕ ಹೈಕೋರ್ಟಿಗೆ ಹೋದರು. ಆ್ಯಪ್ ಇಲ್ಲ ಅನ್ನೋ ಕಾರಣಕ್ಕೆ ಯಾವ ಸರ್ಕಾರಿ ಸೇವೆಯನ್ನೂ ನಿರಾಕರಿಸುವಂತಿಲ್ಲ ಅಂತ ಕೋರ್ಟ್ 2020ರ ಅಕ್ಟೋಬರ್‌ನಲ್ಲಿ ಹೇಳಿತು. 2021ರ ಜನವರಿ 25ರಂದು ಇನ್ನೂ ಮುಂದೆ ಹೋಯಿತು. ಆಗಿನ ಮುಖ್ಯ ನ್ಯಾಯಮೂರ್ತಿ ಅಭಯ್ ಓಕಾ ಅವರಿದ್ದ ಪೀಠ, ಜನರ ಆರೋಗ್ಯದ ಮಾಹಿತಿಯನ್ನು ಅವರ ತಿಳಿವಳಿಕೆಯ ಒಪ್ಪಿಗೆ ಇಲ್ಲದೆ ಬೇರೆ ಇಲಾಖೆಗಳಿಗೆ ಕೊಡಬೇಡಿ ಅಂತ ಮಧ್ಯಂತರ ಆದೇಶ ಕೊಟ್ಟಿತು. ಕೋರ್ಟ್ ಗಮನಿಸಿದ್ದು ಸರಳ ಸಂಗತಿ. ಮಾಹಿತಿಯನ್ನು ಯಾರ‍್ಯಾರಿಗೆ ಹಂಚಬಹುದು ಅನ್ನೋದು ಒಂದು ಸರ್ಕಾರಿ ಆದೇಶದಲ್ಲಿ ಇದೆ. ಬಳಸುವವನು ಒಪ್ಪಿಗೆ ಒತ್ತುವ ಷರತ್ತುಗಳಲ್ಲಿ ಆ ಆದೇಶದ ಸುಳಿವೇ ಇಲ್ಲ. ಗೊತ್ತೇ ಇಲ್ಲದ ವಿಷಯಕ್ಕೆ ಒಪ್ಪಿಗೆ ಎಲ್ಲಿಂದ ಬರುತ್ತೆ ಸ್ವಾಮಿ?

'ತಿಳಿವಳಿಕೆಯ ಒಪ್ಪಿಗೆ'. ಇಡೀ ಇತಿಹಾಸ ಬಂದು ನಿಂತಿರೋದು ಈ ಎರಡು ಪದದ ಮೇಲೆ. ಈಗ ಅಮ್ಮನ ಓಟಿಪಿಗೆ ವಾಪಸ್ ಬರೋಣ.

2021ರ ಸೆಪ್ಟೆಂಬರ್ 27ರಂದು ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ದೇಶಾದ್ಯಂತ ಶುರುವಾಯಿತು. ಪ್ರತಿಯೊಬ್ಬರಿಗೂ 14 ಅಂಕಿಯ 'ಆಭಾ' ಸಂಖ್ಯೆ. ಆಸ್ಪತ್ರೆಗಳಲ್ಲಿ ಕ್ಯೂಆರ್ ಸ್ಕ್ಯಾನ್ ಮಾಡಿ ಓಪಿಡಿ ಟೋಕನ್ ಪಡೆಯೋದರಲ್ಲಿ ಕರ್ನಾಟಕ ಮುಂಚೂಣಿಯ ರಾಜ್ಯಗಳಲ್ಲಿ ಒಂದು. ಕೆಂಗೇರಿ ಕಡೆಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ನಾಲ್ಕು ವರ್ಷ ಡೇಟಾಬೇಸ್ ಓದಿ, ಆಮೇಲೆ ಮೈಕ್ ಹಿಡಿದವನು ನಾನು. ಹಾಗಾಗಿ ಇದರ ಒಳಗೆ ಇಣುಕಿ ನೋಡಿದೆ. ನಿಜ ಹೇಳಬೇಕು ಅಂದರೆ, ಇದರ ವಿನ್ಯಾಸ ಚೆನ್ನಾಗಿದೆ. ದೆಹಲಿಯಲ್ಲಿ ಒಂದು ದೊಡ್ಡ ಗೋದಾಮು ಕಟ್ಟಿ ಎಲ್ಲರ ಫೈಲನ್ನೂ ಅಲ್ಲಿ ತುಂಬಿಲ್ಲ. ನಿಮ್ಮ ದಾಖಲೆ ಯಾವ ಆಸ್ಪತ್ರೆಯಲ್ಲಿ ಹುಟ್ಟಿತೋ ಅಲ್ಲೇ ಇರುತ್ತೆ. ಬೇರೆ ಆಸ್ಪತ್ರೆಗೆ ಬೇಕಾದರೆ ನಿಮ್ಮ ಫೋನಿಗೆ ಒಂದು ಕೋರಿಕೆ ಬರುತ್ತೆ. ಕೇಳುತ್ತಿರೋದು ಯಾರು, ಯಾವ ಕಾರಣಕ್ಕೆ, ಯಾವ ಬಗೆಯ ದಾಖಲೆ, ಯಾವ ತಾರೀಖಿನಿಂದ ಯಾವ ತಾರೀಖಿನದು, ಎಷ್ಟು ದಿನದ ತನಕ ನೋಡಬಹುದು. ಹೃದಯದ ದಾಖಲೆ ಕೊಟ್ಟು ಮನೋರೋಗ ವೈದ್ಯರ ಚೀಟಿಯನ್ನು ತಡೆಹಿಡಿಯಬಹುದು. ಒಪ್ಪಿದರೆ ಮಾತ್ರ, ಬೀಗ ಹಾಕಿದ ಪೆಟ್ಟಿಗೆಯ ಹಾಗೆ ಗೂಢಲಿಪಿಯಲ್ಲಿ ದಾಖಲೆ ಹೋಗುತ್ತೆ. ನಡುವೆ ನಿಂತು ಒಪ್ಪಿಗೆ ದಾಟಿಸುವ ವ್ಯವಸ್ಥೆಗೂ ಪೆಟ್ಟಿಗೆಯೊಳಗೆ ಏನಿದೆ ಅಂತ ಕಾಣಲ್ಲ. ಬೇಡ ಅನಿಸಿದರೆ ಒಪ್ಪಿಗೆ ವಾಪಸ್ ಪಡೆಯಬಹುದು. ಆಭಾ ಕಡ್ಡಾಯವೂ ಅಲ್ಲ.

ಅಂದರೆ, 1898ರಿಂದ ಇಲ್ಲಿಯವರೆಗೆ ಮೊದಲ ಬಾರಿಗೆ ಕೀಲಿ ರೋಗಿಯ ಕೈಗೆ ಬಂದಿದೆ. ಕನಿಷ್ಠ ಕಾಗದದ ಮೇಲೆ.

ಕಾಗದದ ಮೇಲೆ ಅಂತ ಯಾಕೆ ಹೇಳಿದೆ? ಒಂದು, ಆ ಕೀಲಿ ಹುಟ್ಟೋದೇ ಎಷ್ಟೋ ಸಲ ನಮಗೆ ತಿಳಿಯದೆ. ಕೋವಿಡ್ ಲಸಿಕೆಯ ಸರ್ಟಿಫಿಕೇಟ್ ತೆಗೆದು ನೋಡಿ. ಆಧಾರ್ ಕೊಟ್ಟು ಲಸಿಕೆ ಹಾಕಿಸಿಕೊಂಡ ಎಷ್ಟೋ ಜನರಿಗೆ ಅವರು ಕೇಳದೆಯೇ ಒಂದು ಆರೋಗ್ಯ ಐಡಿ ಅದರಲ್ಲಿ ಅಚ್ಚಾಗಿತ್ತು. ಎರಡು, ಸರ್ವರ್ ಭದ್ರವಾಗಿರಬೇಕು. 2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್‌ನ ಸರ್ವರ್‌ಗಳ ಮೇಲೆ ಸೈಬರ್ ದಾಳಿ ಆದಾಗ, ದೇಶದ ದೊಡ್ಡ ಆಸ್ಪತ್ರೆ ದಿನಗಟ್ಟಲೆ ಪೆನ್ನು, ಕಾಗದ ಹಿಡಿದು ಕೆಲಸ ಮಾಡಬೇಕಾಯಿತು. ಮೂರು, ಒಮ್ಮೆ ನೋಡಿದವರ ಕಣ್ಣಿನಿಂದ ವಾಪಸ್ ತೆಗೆಯೋಕೆ ಯಾವ ಬಟನ್ನೂ ಇಲ್ಲ.

ನಾಲ್ಕನೆಯದು ಕಾನೂನು. ಆರೋಗ್ಯದ ಮಾಹಿತಿಗೆ ಅಂತಲೇ 2018ರಲ್ಲಿ 'ದಿಶಾ' ಅನ್ನೋ ಕರಡು ಮಸೂದೆ ಬಂದಿತ್ತು. ಕಾಯ್ದೆ ಆಗಲೇ ಇಲ್ಲ. 2011ರ ಐಟಿ ನಿಯಮಗಳು ವೈದ್ಯಕೀಯ ದಾಖಲೆಯನ್ನು 'ಸೂಕ್ಷ್ಮ' ಮಾಹಿತಿ ಅಂತ ಬೇರೆಯಾಗಿ ಗುರುತಿಸಿದ್ದವು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯಲ್ಲಿ ಆ ಬೇರೆ ಗುರುತು ಇಲ್ಲ. ನಿಮ್ಮ ಕ್ಯಾನ್ಸರ್ ರಿಪೋರ್ಟಿಗೂ ನಿಮ್ಮ ಇಮೇಲ್ ವಿಳಾಸಕ್ಕೂ ಒಂದೇ ತಕ್ಕಡಿ. ಅದರ ನಿಯಮಗಳು ಬಂದದ್ದು 2025ರ ನವೆಂಬರ್‌ನಲ್ಲಿ, ಮುಖ್ಯ ಹೊಣೆಗಳನ್ನು ಪಾಲಿಸೋಕೆ ಹದಿನೆಂಟು ತಿಂಗಳ ಗಡುವು.

ಹಾಗಾದರೆ ಇವತ್ತು ನಮ್ಮ ಕೈಯಲ್ಲಿ ಏನಿದೆ? ಎರಡು ಸಂಗತಿ ಇದೆ. ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮದ ಪ್ರಕಾರ ಒಳರೋಗಿಯ ದಾಖಲೆಯನ್ನು ಮೂರು ವರ್ಷ ಇಟ್ಟುಕೊಳ್ಳಬೇಕು, ರೋಗಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಆ ರೆಕಾರ್ಡ್ ವಿಭಾಗದ ಮುಂದೆ ನಾನು ನಿಂತಿದ್ದಾಗ ಇದು ನನಗೇ ಗೊತ್ತಿರಲಿಲ್ಲ. ದಿನಾ ಸಂಜೆ ಕೂತು ನಿಮಗೆ ಹಕ್ಕುಗಳ ಪಾಠ ಹೇಳೋ ನನಗೇ! ಎರಡನೆಯದು, ಓಟಿಪಿ ಕೇಳಿದಾಗ 'ಏತಕ್ಕೆ' ಅಂತ ವಾಪಸ್ ಕೇಳೋ ಬಾಯಿ. ಆಭಾ ಮಾಡಿಸೋಕಾ? ಇರೋ ಆಭಾಗೆ ಈ ಆಸ್ಪತ್ರೆಯ ದಾಖಲೆ ಜೋಡಿಸೋಕಾ? ಹಳೇ ದಾಖಲೆ ನೋಡೋಕಾ? ಮೂರೂ ಬೇರೆ ಬೇರೆ.

ಇದೆಲ್ಲ ಡಿಜಿಟಲ್ ವಿರೋಧ ಅಂತ ದಯವಿಟ್ಟು ತಿಳಿಯಬೇಡಿ. ಅವತ್ತು ರಾತ್ರಿ ಅಪ್ಪನ ಆಂಜಿಯೋಗ್ರಾಂ ನನ್ನ ಫೋನಿನಲ್ಲಿ ಇದ್ದಿದ್ದರೆ ಆ ಡಾಕ್ಟರು ಕತ್ತಲಲ್ಲಿ ಕೆಲಸ ಮಾಡಬೇಕಿರಲಿಲ್ಲ. ಪುಣ್ಯಕ್ಕೆ ಅಪ್ಪ ಉಳಿದರು. ಎಲ್ಲರಿಗೂ ಆ ಪುಣ್ಯ ಇರಲ್ಲ. ಫೈಲು ಓಡಾಡಲಿ, ಬೇಗ ಓಡಾಡಲಿ. ಆದರೆ ನಮ್ಮ ಮಾತು ಕೇಳಿಕೊಂಡು ಓಡಾಡಲಿ.

ಹೋದ ತಿಂಗಳು ಅಪ್ಪನ ಚೆಕಪ್‌ಗೆ ಮತ್ತೆ ಹೋಗಿದ್ದೆವು. ಕೌಂಟರಿನಲ್ಲಿ ಅದೇ ಮಾತು, "ಅಮ್ಮಾ, ಓಟಿಪಿ ಹೇಳಿ." ಅಮ್ಮ ಫೋನನ್ನು ಎದೆಗೆ ಒತ್ತಿಕೊಂಡರು. "ಏತಕ್ಕಮ್ಮ ಇದು? ಯಾರು ನೋಡ್ತಾರೆ?" ಆ ಹುಡುಗಿಗೂ ಗೊತ್ತಿರಲಿಲ್ಲ. ಎದ್ದು ಒಳಗೆ ಹೋಗಿ ಕೇಳಿಕೊಂಡು ಬಂದಳು. ಹಿಂದಿನ ಸಾಲಿನಲ್ಲಿ ಒಬ್ಬರು ಗೊಣಗಿದರು. ಅಪ್ಪ ಮುಜುಗರದಿಂದ ನನ್ನ ಮುಖ ನೋಡಿದರು. ಹುಡುಗಿ ಬಂದು, ಇವತ್ತಿನ ರಿಪೋರ್ಟು ನಿಮ್ಮ ಖಾತೆಗೆ ಸೇರಿಸೋಕೆ, ಬೇರೆ ಯಾರೂ ನೋಡಲ್ಲ ಅಂತ ಬಿಡಿಸಿ ಹೇಳಿದಳು. ಎರಡು ನಿಮಿಷ ಹಿಡಿಯಿತು.

"ಹೂಂ, ಈಗ ಬರ್ಕೋಮ್ಮ" ಅಂತ ಅಮ್ಮ ಆರು ಅಂಕಿ ಓದಿದರು.